ಆಪರೇಶನ್ ಆದ ಮ್ಯಾಲ ಕೇಳಬೇಕಾದ ಮಾತು



ಹ್ವಾದ ಸಲ ಕರಿಂಡಿ ಮಾಡೂದು ಬರದಿದ್ದೆ. ಈ ಸಲ ಅಡಗಿ ಮಾತಲ್ಲ. ಆದ್ರ ಅಡಗಿ ಮನ್ಯಾಗ ಬಾಗಲಾ ಮುಂದ ಮಾಡ್ಕೊಂಡು ಆಡೋ ಮಾತು. ಮುನವಳ್ಳಿ ಕಡೆಯಿಂದ ಬೀಗರ ಪೈಕಿ ಒಬ್ಬಾಕಿ ಬಂದಿದ್ಲು. ನಾ ರೊಟ್ಟಿ ಬಡೀತಿದ್ದೆ. ಬಾಜೂಕ ಕುಂತು, "ಅಕ್ಕಾರ, ನಮ್ಮನಿಯವ್ರಿಗೂ ನಿಮ್ಮನಿಯವ್ರಿಗೆ ಆದ ಆಪರೇಶನ್ನ ಆಗೇತ್ರಿ. ಕ್ಯಾನ್ಸರ್ ಹೋಗೇತಿ ಅಂದಾರ. ಆದ್ರ ಆಮ್ಯಾಲ..." ಅಂದಾಕಿ ಅಲ್ಲಿಗೇ ನಿಂತ್ಲು. ಮುಂದಿನ ಮಾತು ಆಕಿ ಬಾಯಿಂದ ಬರಲಿಲ್ಲ. ನನಗ ತಿಳೀತು. ಇಂಥಾ ಮಾತು ನುಂಗಿಕೊಂಡ ಹೆಂಗಸರು ನಮ್ಮ ತಾಲೂಕಿನ್ಯಾಗ ಇನ್ನೂ ಎಷ್ಟ ಮಂದಿ ಅದಾರೋ ಅನಿಸ್ತು. ಅದಕ್ಕ ಬರದೇನಿ. ನಮ್ಮನಿಯವ್ರನ್ನ ಕೇಳೇ ಬರದೇನಿ. "ಬರಿ, ಯಾರಿಗರ ಉಪಯೋಗ ಆದ್ರ ಆಗಲಿ. ನನ್ನ ಹೆಸರೊಂದ ಬ್ಯಾಡ" ಅಂದಾರ.

ಮೊದಲ ಜಡ್ಡಿನ ಮಾತು. ಗಂಡಸರಿಗೆ ಮೂತ್ರದ ಚೀಲದ ಕೆಳಗ ಪ್ರಾಸ್ಟೇಟ್ ಅಂತ ಒಂದ ಗ್ರಂಥಿ ಇರತೈತಿ, ಅಖರೋಟ ಕಾಯಿ ಅಷ್ಟ. ಒಂದಕ್ಕ ಹೋಗೋ ನಳಿ ಅದರ ನಡುವ ಹಾದು ಬರತೈತಿ. ವಯಸ್ಸಾದಂಗ ಈ ಗ್ರಂಥಿ ಬೆಳದು ನಳಿ ಅಮುಕತೈತಿ. ಅದಕ್ಕ ವಯಸ್ಸಾದ ಗಂಡಸರು ರಾತ್ರಿ ಮ್ಯಾಲಿಂದ ಮ್ಯಾಲ ಏಳ್ತಾರ. ಎಲ್ಲಾರಿಗೂ ಅದು ಕ್ಯಾನ್ಸರ್ ಅಲ್ಲ, ಭಾಳ ಮಂದಿಗೆ ಬರೇ ಬೆಳದಿರತೈತಿ ಅಷ್ಟ. ಆದ್ರ ತೋರಿಸದನ ತಿಳಿಯಂಗಿಲ್ಲ. ನಮ್ಮನಿಯವ್ರು ರಾತ್ರಿ ನಾಲ್ಕೈದ ಸಲ ಏಳ್ತಿದ್ರು. ಸಕ್ಕರಿ ಜಡ್ಡ ಇರಬೇಕಂತ ರಕ್ತಾ ಕೊಟ್ರ ಸಕ್ಕರಿ ಇರಲಿಲ್ಲ. ಡಾಕ್ಟರ್ರು ಪಿ.ಎಸ್.ಎ. ಅನ್ನೋ ಪರೀಕ್ಷಾ ಮಾಡಿಸಿದ್ರು. ಅದು ಸಾಮಾನ್ಯ 4ರ ಒಳಗ ಇರಬೇಕಂತ. ಇವರದು 11 ಬಂತು. ಆಮ್ಯಾಲ ಸ್ಕ್ಯಾನು, ತುಣುಕ ತಗದು ನೋಡೂದು, ಎಲ್ಲಾ ಆತು. 2022ರ ದಸರಾ ಮುಂದ ಕ್ಯಾನ್ಸರ್ ಅಂತ ಖಾತ್ರಿ ಆತು. ಅವರಿಗೆ ಆಗ 58. ಪುಣ್ಯಾಕ್ಕ ಗ್ರಂಥಿ ಬಿಟ್ಟು ಹೊರಗ ಹೋಗಿರಲಿಲ್ಲ.

ನವೆಂಬರ್ ಕಡೀಕ ಹುಬ್ಬಳ್ಳ್ಯಾಗ ಆಪರೇಶನ್ ಆತು. ಗ್ರಂಥಿ ಪೂರಾ ತಗದ್ರು. ಆಪರೇಶನ್ ಮೊದಲ ಸಹಿ ಮಾಡಿಸಿಕೊಳ್ಳೋ ಹಾಳ್ಯಾಗ ಏನೇನೋ ಇಂಗ್ಲೀಷಿನ್ಯಾಗ ಬರದಿತ್ತು. "ಸ್ವಲ್ಪ ಲೈಂಗಿಕ ತೊಂದರಿ ಆಗಬಹುದು" ಅಂತ ಒಬ್ಬ ಸಣ್ಣ ಡಾಕ್ಟರ್ರು ಓಡಿಸಿಕೊಂಡು ಹೇಳಿದ್ರು. ಜೀವಾ ಉಳದ್ರ ಸಾಕು ಅನ್ನೋ ಹೊತ್ತಿನ್ಯಾಗ ಆ ಮಾತ ಯಾರ ಕಿವಿಗೆ ಹೋಗತೈತ್ರಿ? ಇವರು ಸಹಿ ಮಾಡಿದ್ರು.

ನಮ್ಮ ಎಲ್ಲಮ್ಮನ ಗುಡ್ಡದ ಪದ್ಧತಿ ನಿಮಗೆಲ್ಲಾ ಗೊತ್ತ ಐತಿ. ಹೊಸ್ತಿಲ ಹುಣ್ಣಿವಿಗೆ ಜಮದಗ್ನಿ ತೀರಿಕೊಂಡ ಅಂತ ಬಳಿ ಒಡೀತಾರ. ಭಾರತ ಹುಣ್ಣಿವಿಗೆ ತಾಯಿ ಮತ್ತ ಮುತ್ತೈದಿ ಆದ್ಲು ಅಂತ ಹಸರ ಬಳಿ ಇಡ್ತಾರ. ಆ ವರ್ಷ ಹೊಸ್ತಿಲ ಹುಣ್ಣಿವಿ ದಿನಾ ನಾ ದವಾಖಾನಿ ವರಾಂಡಾದಾಗ ಕುಂತಿದ್ದೆ. ಕೈಯಾಗಿನ ಬಳಿ ತಿರಗಾಡಿಸ್ಕೋತ ರಾತ್ರಿ ಕಳದೆ. ಭಾರತ ಹುಣ್ಣಿವಿ ಬರೂದ್ರಾಗ ರಿಪೋರ್ಟ್ ಬಂದಿತ್ತು, ಪಿ.ಎಸ್.ಎ. ಇಳದು ಸೊನ್ನಿ ಹತ್ತಿರ ಬಂದಿತ್ತು. ಗುಡ್ಡಕ್ಕ ಹೋಗಿ ಕೈ ತುಂಬ ಬಳಿ ಇಟ್ಕೊಂಡು ಬಂದೆ. ಇನ್ನ ಎಲ್ಲಾ ಸರಿ ಆತು ಅಂತ ಮನಸ್ಸು ಹಗರ ಆಗಿತ್ತು.

ಮೊದಲ ಮೂರ್ನಾಕ ತಿಂಗಳಾ ಒಂದಕ್ಕ ಹಿಡೀತಿರಲಿಲ್ಲ. ಕೆಮ್ಮಿದ್ರ, ನಕ್ರ, ಕೊಡಾ ಎತ್ತಿದ್ರ ಸೋರತಿತ್ತು. ಪ್ಯಾಡ್ ಹಾಕ್ಕೋಬೇಕಿತ್ತು. ಅದಕ್ಕೊಂದು ವ್ಯಾಯಾಮ ಹೇಳಿಕೊಟ್ರು. ಒಂದಕ್ಕ ತಡಕೊಳ್ಳಾಕ ಹೆಂಗ ಬಿಗಿ ಹಿಡೀತೀವಿ ಹಂಗ ಕೆಳಗಿನ ಸ್ನಾಯು ಬಿಗಿ ಹಿಡದು, ಐದ ಎಣಿಸಿ ಬಿಡೂದು. ಹಿಂಗ ಹತ್ತ ಸಲ, ದಿನಕ್ಕ ಮೂರ ಹೊತ್ತು. ಬಾಣಂತ್ಯಾರಿಗೆ ಹೇಳೋ ವ್ಯಾಯಾಮನ ಇದು. ಕೆಗೆಲ್ ಅನ್ನೋ ಅಮೇರಿಕಾದ ಡಾಕ್ಟರ್ 1948ರಾಗ ಹೆಂಗಸರ ಸಲುವಾಗೇ ಹೇಳಿದ್ದಂತ. ಇವರು ಗೊಬ್ಬರದ ಅಂಗಡಿ ಗಲ್ಲಾದ ಮುಂದ ಕುಂತ ಮಾಡ್ತಿದ್ರು, ಯಾರಿಗೂ ತಿಳೀತಿರಲಿಲ್ಲ. ಐದನೇ ತಿಂಗಳಕ್ಕ ಪ್ಯಾಡ್ ಬಿಟ್ರು.

ಸೋರೂದು ನಿಂತ ಮ್ಯಾಲ ನಿಜವಾದ ತ್ರಾಸ ಸುರು ಆತು.

ಇವರು ಹಾಸಗಿ ಪಡಸಾಲಿಗೆ ಹಾಕ್ಕೊಂಡಿದ್ರು. ಮೊದಲ "ರಾತ್ರಿ ಏಳತೇನಿ, ನಿನ್ನ ನಿದ್ದಿ ಕೆಡತೈತಿ" ಅಂತಿದ್ರು. ಸೋರೂದು ನಿಂತ್ರೂ ಹಾಸಗಿ ಒಳಗ ಬರಲಿಲ್ಲ. ಚಾ ಕೊಟ್ರ ಕೈಗೆ ಕೈ ತಾಗದಂಗ ತಗೋತಿದ್ರು. ನಾ ಬಾಜೂಕ ಕುಂತ್ರ ಎದ್ದು ಅಂಗಳಕ್ಕ ಹೋಗ್ತಿದ್ರು. ಮೊದಲ ನಾ ಸಂಜಿಕ ಮಲ್ಲಿಗಿ ಮುಡ್ಕೊಂಡ್ರ ಏನರ ಒಂದ ಮಾತ ಅಂತಿದ್ದವ್ರು, ಈಗ ಮುಖಾ ತಿರಿವಿ ಮೊಬೈಲ್ ನೋಡ್ತಿದ್ರು. ಅತ್ತಿಯವ್ರು ಒಂದಿನ ಕೇಳೇ ಬಿಟ್ರು, "ಮಗಾ ಪಡಸಾಲ್ಯಾಗ ಯಾಕ ಮಲಗ್ತಾನವ್ವಾ? ಏನರ ಜಗಳಾಡೀರೇನು?" ಅಂತ. ಏನ ಹೇಳ್ಲಿ? "ಧಗಿ ಆಗತೈತಂತ್ರಿ ಅತ್ತಿ" ಅಂದೆ. ಮಾಘ ಮುಗದು ಮಳಿಗಾಲ ಬಂದ್ರೂ ನಮ್ಮನ್ಯಾಗ ಧಗಿ ಇಳೀಲಿಲ್ಲ.

ಒಂದ ರಾತ್ರಿ ಕರೆಂಟ್ ಹೋಗಿತ್ತು. ಕತ್ತಲದಾಗ ಮುಖಾ ಕಾಣದಿದ್ರ ಕೆಲವು ಮಾತು ಹಗರ ಬರತಾವ. ಅವರ ಹಾಸಗಿ ತುದೀಗೆ ಹೋಗಿ ಕುಂತೆ.

"ಏನ್ರಿ, ನನ್ನ ಮ್ಯಾಲ ಸಿಟ್ಟ ಅದೀರೇನು?"

"ಸಿಟ್ಟ ಯಾತಕ?"

"ಮತ್ತ ಹಾಸಗಿ ಯಾಕ ಹೊರಗ?"

ಭಾಳ ಹೊತ್ತ ಸುಮ್ಮಕಿದ್ರು. ಆಮ್ಯಾಲ, "ಒಳಗ ಬಂದ್ರ ನೀ ಏನರ ಆಸೆ ಇಟ್ಕೋತಿ. ನನ್ನ ಕಡೆಯಿಂದ ಇನ್ನ ಏನೂ ಆಗಂಗಿಲ್ಲ. ಹೊರಗಿದ್ರ ನೀ ಕೇಳೂದೂ ಇಲ್ಲ, ನಾ ಹೇಳೂದೂ ಇಲ್ಲ" ಅಂದ್ರು. ಸ್ವಲ್ಪ ತಡದು, "ಗಂಡಸ್ತನ ಹೋದವ ಗಂಡ ಹೆಂಗ ಆದಾನು?" ಅಂದ್ರು.

ಮೂವತ್ತೆರಡ ವರ್ಷ ಸಂಸಾರ ಮಾಡಿದವರ ಬಾಯಾಗ ಆ ಮಾತ ಕೇಳಿ ನನಗ ಎದಿ ಒಡದಂಗ ಆತು. "ನಾ ಆಸೆ ಇಟ್ಕೊಂಡಿದ್ದು ನಿಮ್ಮ ಗೊರಕಿ ಕೇಳಾಕ್ರಿ. ಅದಿಲ್ದ ನನಗ ನಿದ್ದಿ ಹತ್ತವಲ್ದು" ಅಂದೆ. ಕತ್ತಲದಾಗ ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಆ ರಾತ್ರಿ ಒಳಗ ಬರಲಿಲ್ಲ. ಮರದಿನಾ ಮುಂಜಾನಿ ನೋಡಿದ್ರ ಕೌದಿ ಮಡಚಿ ನಮ್ಮ ಕೋಲ್ಯಾಗ ತಂದ ಇಟ್ಟಿದ್ರು.

ಆ ಮುಂದಿನ ತಿಂಗಳಾ ತಪಾಸಣಿಗೆ ನಾನೂ ಹ್ವಾದೆ. ಡಾಕ್ಟರ್ರು ರಿಪೋರ್ಟ್ ನೋಡಿ, "ಭಾಳ ಛಲೋ ಐತಿ, ಮೂರ ತಿಂಗಳಾ ಬಿಟ್ಟು ಬರ್ರಿ" ಅಂದ್ರು. ಇವರು ಏಳಾಕ ಹತ್ತಿದ್ರು. ನಾ ಕುಂತಲ್ಲೇ ಕುಂತು ಕೇಳಿದೆ. "ಸರ್, ಜಡ್ಡ ಹೋತು, ದೇವರ ದೊಡ್ಡಾವ. ಆದ್ರ ಗಂಡ-ಹೆಂಡ್ತಿ ಕೂಡಾಕ ಆಗವಲ್ದು. ಅದಕ್ಕೇನರ ಔಷಧ ಐತೇನ್ರಿ?" ಇವರು ನೆಲಾ ನೋಡಿದ್ರು. ಡಾಕ್ಟರ್ರು ಮಾತ್ರ ಪೆನ್ ಕೆಳಗಿಟ್ಟು, "ಅವ್ವಾರ, ಇದನ್ನ ಯಾರೂ ಕೇಳಂಗಿಲ್ರಿ. ಕೇಳಿದ್ದು ಛಲೋ ಆತು" ಅಂದು ಅರ್ಧಾ ತಾಸು ಹೇಳಿದ್ರು. ಅವರು ಹೇಳಿದ್ದು, ಆಮ್ಯಾಲ ನರ್ಸ್ ಇರೋ ನನ್ನ ತಂಗಿ ಮಗಳು ಬಿಡಿಸಿ ಹೇಳಿದ್ದು, ಎರಡೂ ಕೂಡಿಸಿ ಬರೀತೇನಿ.

ಗಂಡಸರ ಅಂಗ ಬಿರಸ ಆಗಬೇಕಂದ್ರ ಅಲ್ಲಿ ರಕ್ತ ತುಂಬಬೇಕು. ರಕ್ತ ತುಂಬಾಕ ನರದಿಂದ ಹುಕುಂ ಬರಬೇಕು. ಆ ನರಗೋಳು ಎಳಿ ಎಳಿ ಆಗಿ ಪ್ರಾಸ್ಟೇಟ್ ಗ್ರಂಥಿಯ ಎರಡೂ ಬಾಜೂಕ ಅಂಟಿಕೊಂಡಿರತಾವ. ಹಸೀ ಶೇಂಗಾದ ಮ್ಯಾಲಿನ ತೆಳ್ಳನ ಸಿಪ್ಪಿ ಹರೀದಂಗ ಒಳಗಿನ ಬೀಜಾ ತಗೀರಿ ಅಂದ್ರ ಹೆಂಗ್ರಿ? ಈ ಆಪರೇಶನ್ ಹಂಗ. ಮೊದಲ ಈ ನರಗೋಳು ಎಲ್ಲಿ ಹಾದಾವ ಅನ್ನೂದ ಸರಿಯಾಗಿ ಗೊತ್ತಿರಲಿಲ್ಲ. ಹಿಂಗಾಗಿ ಆಪರೇಶನ್ ಆದವರೊಳಗ ಹೆಚ್ಚಾಗಿ ಎಲ್ಲಾರಿಗೂ ಈ ತ್ರಾಸ ಆಗತಿತ್ತು. ಅಮೇರಿಕಾದ ಪ್ಯಾಟ್ರಿಕ್ ವಾಲ್ಶ್ ಅನ್ನೋ ಡಾಕ್ಟರ್, ಹಾಲೆಂಡಿನ ಡೊಂಕರ್ ಅನ್ನೋ ಹಿರೇ ಡಾಕ್ಟರ್ ಜೋಡಿ ಕೂಡಿ ನರದ ದಾರಿ ಹುಡುಕಿದ. 1982ರ ಏಪ್ರಿಲ್ 26ಕ್ಕ ಬಾಲ್ಟಿಮೋರದಾಗ ನರಾ ಉಳಿಸಿ ಮೊದಲನೇ ಆಪರೇಶನ್ ಮಾಡಿದ. ಈಗ ನಮ್ಮಲ್ಲೂ ಹಂಗ ಮಾಡ್ತಾರ. ಆದ್ರ ಕ್ಯಾನ್ಸರ್ ನರದ ಹತ್ತಿರ ಬಂದಿದ್ರ ನರಾ ಉಳಿಸಾಕ ಬರಂಗಿಲ್ಲ. ಮೊದಲ ಜೀವಾ, ಆಮ್ಯಾಲ ನರ. ನಮ್ಮನಿಯವ್ರದು ಒಂದ ಬಾಜೂದ್ದು ಉಳದಿತ್ತು.

ಉಳದ ನರಾನೂ ಎಳದಾಡಿದ್ದಕ್ಕ ಮಂಕಾಗಿರತೈತಂತ. ಸುಧಾರಿಸಾಕ ಒಂದೂವರಿ, ಎರಡ ವರ್ಷ ಹಿಡೀತೈತಿ. ಕೆಲವರಿಗೆ ಇನ್ನೂ ತಡಾ, ಕೆಲವರಿಗೆ ಪೂರಾ ಬರಂಗೇ ಇಲ್ಲ. ವಯಸ್ಸು, ಸಕ್ಕರಿ ಜಡ್ಡು, ಬಿ.ಪಿ., ಬೀಡಿ-ಸಿಗರೇಟು ಇವೆಲ್ಲಾ ಲೆಕ್ಕಕ್ಕ ಬರತಾವ. ಹಿಂಗಾಗಿ ಆರನೇ ತಿಂಗಳಕ್ಕ "ಇನ್ನ ಮುಗೀತು" ಅನ್ನೂದು ಬಿತ್ತಿದ ಎಂಟ ದಿನಕ್ಕ ಹೊಲಾ ಹರಗಿದಂಗ.

ಇದಕ್ಕ ಡಾಕ್ಟರ್ರು ನಿಮಿರು ದೌರ್ಬಲ್ಯ ಅಂತಾರ. ಮಂದಿ ಗಂಡಸ್ತನ ಹೋತು ಅಂತಾರ. ನನಗ ಎರಡನೇ ಮಾತ ಸೇರಂಗಿಲ್ಲ. ಸಕ್ಕರಿ ಜಡ್ಡಿನ್ಯಾಗ ಕಾಲಿನ ನರಾ ಸತ್ತ್ರ "ಕಾಲ ಜುಮುಜುಮು" ಅಂತೀವಿ, ಮನಶ್ಯಾ ಹೋದ ಅಂತೇವೇನ್ರಿ? ಇದೂ ನರದ ಮಾತು. ಇವರಿಗೆ ನನ್ನ ಮ್ಯಾಲಿನ ಪ್ರೀತಿ ಹೋಗಿರಲಿಲ್ಲ, ಆಸೆನೂ ಹೋಗಿರಲಿಲ್ಲ. ಹುಕುಂ ಒಯ್ಯೋ ತಂತಿ ಅಷ್ಟ ಕಡದಿತ್ತು. ಇನ್ನೊಂದು, ಗ್ರಂಥಿ ತಗದ ಮ್ಯಾಲ ವೀರ್ಯ ಹೊರಗ ಬರಂಗಿಲ್ಲ. ಆದ್ರೂ ಸುಖದ ಅನುಭವ ಆಗತೈತಿ. ಅಂಗ ಬಿರಸ ಆಗದಿದ್ರೂ ಆಗಬಹುದಂತ. ಇದನ್ನ ಡಾಕ್ಟರ್ರು ಹೇಳೂತನಕ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಔಷಧ ಅಂದ್ರ ಮೊದಲ ಗುಳಿಗಿ. ಒಂದು ಸಿಲ್ಡೆನಾಫಿಲ್, ಎಲ್ಲಾರೂ ವಯಾಗ್ರಾ ಅನ್ನೂದು. ಎದಿ ನೋವಿಗಂತ ಪರೀಕ್ಷಾ ಮಾಡಾಕ ಹೋಗಿ ಈ ಗುಣಾ ಗೊತ್ತಾತಂತ. 1998ರಾಗ ಅಮೇರಿಕಾದಾಗ ಪರವಾನಿಗಿ ಸಿಕ್ತು. ಕೂಡೂಕಿಂತ ಸುಮಾರ ಒಂದ ತಾಸ ಮೊದಲ ತಗೋಬೇಕು. ಹೋಳಿಗಿ ತುಪ್ಪ ಉಂಡು ತಗೊಂಡ್ರ ತಡಾ ಹತ್ತತೈತಿ. ಇನ್ನೊಂದು ಟಡಾಲಾಫಿಲ್, ಅದರ ಗುಣಾ ಒಂದೂವರಿ ದಿನಾ ಇರತೈತಿ. ಸಣ್ಣ ಪ್ರಮಾಣದಾಗ ದಿನಾ ತಗೊಳ್ಳಾಕೂ ಕೊಡ್ತಾರ. ಗುಳಿಗಿ ತಾನ ಆಸೆ ಹುಟ್ಟಿಸಂಗಿಲ್ಲ. ಪ್ರೀತಿ, ಮಾತು, ಮುಟ್ಟೂದು ಎಲ್ಲಾ ಬೇಕ ಬೇಕು.

ಇಲ್ಲೊಂದು ಮಾತು ಗಂಟ ಹಾಕ್ಕೊಳ್ರಿ. ಎದಿ ನೋವಿಗೆ ನಾಲಗಿ ಕೆಳಗ ಇಡೋ ಸಾರ್ಬಿಟ್ರೇಟ್ ಅಂಥಾ ಗುಳಿಗಿ ತಗೊಳ್ಳೋರು ಇವನ್ನ ಮುಟ್ಟಬಾರದು. ಎರಡೂ ಕೂಡಿದ್ರ ಬಿ.ಪಿ. ಒಮ್ಮೆಲೇ ಇಳದು ಜೀವಕ್ಕ ಬರಬಹುದು. ಅದಕ್ಕ ಡಾಕ್ಟರ್ರ ಚೀಟಿ ಇಲ್ದ ಔಷಧ ಅಂಗಡ್ಯಾಗ ತಗೋಬ್ಯಾಡ್ರಿ. ಯಾವುದ ಔಷಧಕ್ಕಾದ್ರೂ ಅಂಗ ನಾಲ್ಕ ತಾಸಿನ ಮ್ಯಾಲ ಬಿರಸಾಗೇ ಉಳದ್ರ ನಾಚಿಕಿ ಬಿಟ್ಟು ದವಾಖಾನಿಗೆ ಹೋಗಬೇಕು.

ನಮ್ಮನಿಯವ್ರಿಗೆ ಮೊದಲ ಗುಳಿಗಿಯಿಂದ ತಲಿನೋವು ಬಂತು, ಮುಖಾ ಕೆಂಪಾತು, ಬ್ಯಾರೆ ಏನೂ ಆಗಲಿಲ್ಲ. "ಗುಳಿಗಿ ಹಾದಿ ತಪ್ಪಿ ಮ್ಯಾಲ ಹೋಗೇತಿ" ಅಂದ್ರು. ವರ್ಷಾದ ಮ್ಯಾಲ ನಾವಿಬ್ರೂ ಕೂಡಿ ನಕ್ಕಿದ್ದು ಅಂದ. ನರಾ ಇನ್ನೂ ಎಚ್ಚರ ಆಗದಿದ್ರ ಗುಳಿಗಿ ನಡಿಯೂದು ಕಡಿಮಿ, ಆಮ್ಯಾಲ ಅದ ಗುಳಿಗಿನ ಹತ್ತಬಹುದು ಅಂತ ಡಾಕ್ಟರ್ರು ಮೊದಲ ಹೇಳಿದ್ರು.

ಆದ್ರ ಗಂಡಸರಿಗೆ ತಾಳ್ಮಿ ಎಲ್ಲಿರತೈತ್ರಿ? ನನಗ ಹೇಳದನ ಜಾತ್ರ್ಯಾಗ ಡೇರೆ ಹಾಕ್ಕೊಂಡು ಕುಂತ ಒಬ್ಬಾವನ ಕಡೆ ಸಾವಿರಾರು ರೂಪಾಯಿ ಕೊಟ್ಟು ಚೂರ್ಣಾ ತಂದಿದ್ರು. ಅಂಗಡಿ ಲೆಕ್ಕದಾಗ ರೊಕ್ಕಾ ಕಡಿಮಿ ಬಿದ್ದಾಗ ನನಗ ಗೊತ್ತಾತು. ಇಂಥಾ ಪುಡಿಯೊಳಗ ಕಳ್ಳತನಲೇ ಅದ ಸಿಲ್ಡೆನಾಫಿಲ್ ಕಲಿಸಿರತಾರ, ಎಷ್ಟ ಹಾಕ್ಯಾರ ಅಂತ ಯಾರಿಗೂ ಗೊತ್ತಿರಂಗಿಲ್ಲ, ಎದಿ ಜಡ್ಡ ಇದ್ದವ್ರಿಗೆ ಭಾಳ ಅಪಾಯ ಅಂತ ಡಾಕ್ಟರ್ರು ಅಂದ್ರು. ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲ "ಗುಪ್ತರೋಗ, ಖಾತ್ರಿ ಗುಣ" ಅಂತ ಬರದಿರತಾರಲ್ಲಾ, ಹಂಗ ಜಾಹೀರಾತ ಮಾಡೂದ 1954ರ ಕಾಯದೆ ಪ್ರಕಾರ ಗುನ್ನೆ ಐತಿ. ಕ್ಯಾನ್ಸರ್ ಗುಣಾ ಮಾಡ್ತೇವಿ ಅನ್ನೂದೂ ಗುನ್ನೆನ. ಆ ಚೂರ್ಣಾ ತಿಪ್ಪಿಗೆ ಹೋತು.

ಎರಡನೇದ್ದು ಪಂಪು. ಪ್ಲಾಸ್ಟಿಕ್ಕಿನ ಕೊಳವಿ, ಅದಕ್ಕೊಂದು ಗಾಳಿ ಜಗ್ಗೋ ಪಂಪು. ಗಾಳಿ ಜಗ್ಗಿದ್ರ ರಕ್ತ ತುಂಬತೈತಿ, ಬುಡಕ ರಬ್ಬರಿನ ಬಳಿ ಏರಿಸ್ತಾರ. ಆ ಬಳಿ ಅರ್ಧಾ ತಾಸಿನ ಮ್ಯಾಲ ಇಡಬಾರದು. ಇದಕ್ಕ ನರದ ಹಂಗಿಲ್ಲ. ಕೆಲವು ಸಾವಿರ ಖರ್ಚು ಬರತೈತಿ. ಇವರು ಅದನ್ನ ಟ್ರಂಕಿನ ತಳಕ್ಕ, ರೇಶ್ಮಿ ಸೀರಿ ಕೆಳಗ ಇಟ್ಟಾರ. ಮೊದಲ ಮೊದಲ ಇಬ್ಬರಿಗೂ ಹೇಸಿಕಿ ಅನಿಸ್ತು, ಆಮ್ಯಾಲ ರೂಢಿ ಆತು. ಮೂರನೇದ್ದು, ಅಂಗಕ್ಕ ಸಣ್ಣ ಸೂಜಿ ಚುಚ್ಚಿಕೊಳ್ಳೂದು. ಎಷ್ಟು ಔಷಧ, ಎಲ್ಲಿ ಚುಚ್ಚಬೇಕು ಅಂತ ದವಾಖಾನ್ಯಾಗ ಕಲಿಸಿಕೊಡ್ತಾರ. ಯಾವುದೂ ಹತ್ತದಿದ್ರ ಕಡೀಕ ಒಳಗ ಸಾಧನಾ ಕುಂಡ್ರಿಸೋ ಆಪರೇಶನ್ ಐತಿ. ಅದು ಭಾಳ ತುಟ್ಟಿ. ನಮಗ ಅಲ್ಲೀತನಕ ಹೋಗೋದ ಬೀಳಲಿಲ್ಲ.

ಎಲ್ಲಾರಿಗೂ ಆಪರೇಶನ್ನ ಆಗಿರಂಗಿಲ್ಲ. ಕರೆಂಟ್ ಕೊಟ್ಟವ್ರಿಗೆ, ಅಂದ್ರ ರೇಡಿಯೇಶನ್ ಆದವ್ರಿಗೆ, ಈ ತ್ರಾಸ ಒಮ್ಮೆಲೇ ಬರಂಗಿಲ್ಲ, ಎರಡ ಮೂರ ವರ್ಷದಾಗ ಮೆಲ್ಲಕ ಬರತೈತಿ. ಅವ್ರಿಗೂ ಇವ ಗುಳಿಗಿ ಕೆಲಸಾ ಮಾಡ್ತಾವ. ಕ್ಯಾನ್ಸರ್ ಹರಡಿದವ್ರಿಗೆ ಗಂಡಸರ ಹಾರ್ಮೋನ್ ನಿಂದ್ರಸೋ ಸೂಜಿ ಕೊಡ್ತಾರ, ಇಲ್ಲಾ ಬೀಜಾ ತಗದು ಆಪರೇಶನ್ ಮಾಡ್ತಾರ. ಚಾರ್ಲ್ಸ್ ಹಗ್ಗಿನ್ಸ್ ಅನ್ನೋ ಡಾಕ್ಟರ್ 1941ರಾಗ ಈ ದಾರಿ ಹುಡುಕಿದ, ಅದಕ್ಕ 1966ರಾಗ ನೊಬೆಲ್ ಬಂತು. ಅವರೊಳಗ ಆಸೆನ ಇಳದು ಹೋಗತೈತಿ. ಮೈ ಬಿಸಿ ಬಿಸಿ ಆಗೂದು, ಬೆವರೂದು, ಸಣ್ಣ ಮಾತಿಗೆ ಕಣ್ಣೀರ ಬರೂದು. ನಮಗ ಮುಟ್ಟ ನಿಲ್ಲೋ ಮುಂದ ಏನೇನ ಆಗತೈತಿ ಅದ ಅವರಿಗೂ ಆಗತೈತಿ. ಅಂಥಾ ಗಂಡ ನಿಮ್ಮ ಕಡೆ ನೋಡವಲ್ಲ ಅಂದ್ರ ಅದು ಔಷಧದ ಕೆಲಸಾ. ಅವರ ಮನಸ್ಸು ಬ್ಯಾರೆ ಕಡೆ ಹೋಗೇತಿ ಅಂತ ತಿಳಕೋಬ್ಯಾಡ್ರಿ.

ಈಗ ನಮ್ಮ ಮಾತ ಹೇಳತೇನಿ, ಮುಚ್ಚಿಡಂಗಿಲ್ಲ. ಆಪರೇಶನ್ ಆಗಿ ಒಂದ ವರ್ಷ ಎಂಟ ತಿಂಗಳಾದ ಮ್ಯಾಲ ಗುಳಿಗಿ ಸ್ವಲ್ಪ ಸ್ವಲ್ಪ ಹತ್ತಾಕ ಸುರು ಆತು. ಮೊದಲಿನಂಗ ಆಗಿಲ್ಲ. ಕೆಲವು ದಿನಾ ಆಗತೈತಿ, ಕೆಲವು ದಿನಾ ಇಲ್ಲ. ಪಂಪು ಟ್ರಂಕಿನ್ಯಾಗ ಐತಿ, ಬೇಕಾದಾಗ ಬರತೈತಿ. ಆಗದ ದಿನಾ ಸುಮ್ಮ ಕೈ ಹಿಡಕೊಂಡು ಮಲಗತೇವಿ. ಮಕ್ಕಳ ಮಾತು, ಹೊಲದ ಕಡ್ಲಿ ಮಾತು, ನವಿಲುತೀರ್ಥದ ಡ್ಯಾಮಿನ ನೀರಿನ ಮಾತು ಆಡತೇವಿ. ಮದುವ್ಯಾದ ಹೊಸದ್ರಾಗ ಸುದ್ದಾ ನಾವು ಇಷ್ಟ ಮಾತಾಡಿರಲಿಲ್ಲ. ಆಗ ಮನಿ ತುಂಬ ಮಂದಿ ಇದ್ರು, ಮಾತಾಡಾಕ ನಾಚಿಕಿ.

ನೀವು ಕೇಳಬಹುದಾದ ಎರಡ ಮಾತು. ಕೂಡಿದ್ರ ಕ್ಯಾನ್ಸರ್ ನಮಗೂ ಹತ್ತತೈತೇನು? ಇಲ್ರಿ, ಈ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹತ್ತೂ ಜಡ್ಡಲ್ಲ. ಒಂದ ತಾಟಿನ್ಯಾಗ ಉಣ್ಣಬಹುದು, ಒಂದ ಹಾಸಗ್ಯಾಗ ಮಲಗಬಹುದು. ನಮ್ಮ ವಯಸ್ಸಿನ್ಯಾಗ ನಮಗ ಒಣಾ ಆಗಿ ನೋವಾದ್ರ? ಅದೂ ಸಾಮಾನ್ಯ. ಡಾಕ್ಟರಮ್ಮನ್ನ ಕೇಳ್ರಿ, ಹಚ್ಚಿಕೊಳ್ಳಾಕ ಜೆಲ್ ಬರದ ಕೊಡ್ತಾರ. ಗಂಡನ ಔಷಧ ಅಷ್ಟ ತಂದು ನಮ್ಮ ನೋವು ನುಂಗೂದು ಬ್ಯಾಡ.

ದೂರ ಅಂತೀರೇನು? ಸವದತ್ತಿಯಿಂದ ಧಾರವಾಡ ಸುಮಾರ 40 ಕಿಲೋಮೀಟರ್, ಅಲ್ಲಿಂದ ಹುಬ್ಬಳ್ಳಿ 20. ಹುಬ್ಬಳ್ಳಿ ನವನಗರದಾಗ ಕ್ಯಾನ್ಸರ್ ದವಾಖಾನಿ ಐತಿ. ಬೆಳಗಾವಿಯೊಳಗ ಕೆ.ಎಲ್.ಇ.ದವ್ರ ಕ್ಯಾನ್ಸರ್ ದವಾಖಾನಿ 2025ರ ಜನವರ್ಯಾಗ ಉದ್ಘಾಟನಾ ಆತು. ಬೆಂಗಳೂರಾಗ ಕಿದ್ವಾಯಿ ಐತಿ. ಮೂತ್ರದ ಡಾಕ್ಟರ್ರನ್ನ, ಅಂದ್ರ ಯುರಾಲಜಿಸ್ಟರನ್ನ, ಕಾಣಬೇಕು. ಆಪರೇಶನ್ ಇನ್ನೂ ಆಗಿಲ್ಲ ಅಂದ್ರ ಸಹಿ ಮಾಡೂಕಿಂತ ಮೊದಲ ಮೂರ ಮಾತ ಕೇಳ್ರಿ: ನರಾ ಉಳಿಸಾಕ ಬರತೈತೇನು? ಆಮ್ಯಾಲ ಏನೇನ ತ್ರಾಸ ಆಗತೈತಿ? ಆದ್ರ ಅದಕ್ಕ ಏನ ಮಾಡ್ತೀರಿ? ಆಪರೇಶನ್ ಆಗಿದ್ರ ಮೂರನೇದ್ದನ್ನ ಇವತ್ತ ಕೇಳ್ರಿ. ಗಂಡಸರು ಕೇಳಂಗಿಲ್ಲ. ಹೊಲದ ಹದ್ದಿನ ಸಲುವಾಗಿ ಕೋರ್ಟಿಗೆ ಹೋಗ್ತಾರ, ಇದೊಂದ ಮಾತಿಗೆ ಬಾಯಿ ಬರಂಗಿಲ್ಲ. ನಾವ ಕೇಳಬೇಕು. ಅವರ ಬಾಜೂಕ ಕುಂತು, ಅವರ ಮಾನಾ ಇಟ್ಟು ಕೇಳಬೇಕು.

ಒಬ್ಬಾಕಿಗೆ ಡಾಕ್ಟರ್ರ ಮುಂದ ಮಾತು ಬರದಿದ್ರ ನನಗ ಹೇಳಿ ಕಳಸ್ರಿ, ಜೋಡಿ ನಾನೂ ಬರತೇನಿ. ಧಾರವಾಡದ ಬಸ್ಸು ಮುಂಜಾನಿಯಿಂದ ಇರತಾವ. ರೊಟ್ಟಿ, ಶೇಂಗಾ ಹಿಂಡಿ, ಮಸರು ಬುತ್ತಿ ಕಟ್ಟಿಕೊಂಡು ಹೋಗೂಣಂತ.